ಒಂದು ಮೊಳ ನಾಲ್ಕು ಬೆರಳು

ಕೊಳ್ಳೇಗಾಲ
8 ಜೂನ್ 2025, ಭಾನುವಾರ

ರೀ,

ಫೋನ್ ಇರುವಾಗ ಇವಳು ಕಾಗದ ಯಾಕೆ ಬರೀತಾಳೆ ಅಂತ ನಗಬೇಡಿ. ಈ ಮನೆಗೆ ನಿಮ್ಮ ಫೋನ್ ಬಂದರೆ ಅದು ನನಗೆ ಬಂದದ್ದಲ್ಲ, ಬೀದಿಗೆ ಬಂದದ್ದು. ಅವ್ವ ಸ್ಪೀಕರ್ ಹಾಕುತ್ತಾಳೆ. ಅಪ್ಪ ಮಗ್ಗ ನಿಲ್ಲಿಸುತ್ತಾರೆ. ಪಕ್ಕದ ಮನೆ ಶಿವಮ್ಮತ್ತೆ ಸೊಪ್ಪು ಬಿಡಿಸುತ್ತಿದ್ದ ಮೊರ ಸಮೇತ ಒಳಗೆ ಬಂದು ಕೂತು, "ಏನಳಿಮಯ್ಯ, ಸಮುದ್ರ ಎಂಗದೆ?" ಅಂತ ಶುರು ಮಾಡುತ್ತಾಳೆ. ನಾನು ಮೂಲೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ನಿಮ್ಮ ದನಿ ಕೇಳಿಸಿದಷ್ಟು ಕೇಳಿಸಿಕೊಳ್ಳುತ್ತೇನೆ. ಬಾಣಂತಿಗೆ ಇಷ್ಟೇ ಸಾಕಂತೆ.

ಪುಟ್ಟವ್ವನಿಗೆ ನಾಳೆಗೆ ಎರಡು ತಿಂಗಳು. ನಿಮ್ಮ ಹಾಗೆ ಎಡಗಡೆಗೇ ತಿರುಗಿ ಮಲಗುತ್ತಾಳೆ. ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ, ಯೋಚನೆ ಬೇಡ.

ನಿಮ್ಮ ಹೊಸ ಕೆಲಸ ಏನು ಅಂತ ಇಲ್ಲಿ ಯಾರಿಗೂ ಅರ್ಥವಾಗಿಲ್ಲ. ಗುಡಾರ ಹೊಲಿಯೋ ಶೆಡ್ಡು ಅಂತ ಹೇಳಿ ಹೋದಿರಿ. ಮೊನ್ನೆ ಫೋನಿನಲ್ಲಿ "ರೆಕ್ಕೆ ಹೊಲಿತಾ ಇದ್ದೀವಿ" ಅಂದಿರಿ. ಅಪ್ಪ ಹೇಳುವುದು ಅದು ಗಾಳಿಪಟ, ಶಿವಮ್ಮತ್ತೆ ಹೇಳುವುದು ಕೊಡೆ. ಇಷ್ಟು ಹೇಳಿ ಸಾಕು: ಆ ರೆಕ್ಕೆ ಹಿಡಿದು ನೀರಿಗೆ ಇಳಿಯುವವರು ಯಾರು? ನೀವಲ್ಲ ತಾನೇ?

ನಿಮ್ಮ
ಪವಿತ್ರ


ರಾಮೇಶ್ವರಂ ಹತ್ತಿರ, ಕಡಲ ದಂಡೆ
15 ಜೂನ್ 2025

ಪವಿ,

ಕಾಗದ ಬಂತು. ಊಟಕ್ಕೆ ಕೂತಾಗ ಓದಿ ನಕ್ಕೆ. ಶೆಡ್ಡಿನ ಒಡತಿ ಸಹಾಯರಾಣಿ ಅಕ್ಕ, "ಎನ್ನಪ್ಪಾ, ಒಬ್ಬನೇ ನಗ್ತಿಯಾ?" ಅಂದರು.

ಅದರ ಹೆಸರು ಪ್ಯಾರಾವಿಂಗ್. ಕೊಡೆಯೂ ಅಲ್ಲ, ಗಾಳಿಪಟವೂ ಅಲ್ಲ, ಆದರೆ ಎರಡಕ್ಕೂ ನೆಂಟ. ಒಂದು ಹಲಗೆ. ಹಲಗೆಯ ಕೆಳಗೆ ಒಂದು ಕಂಬ, ಕಂಬದ ತುದಿಗೆ ನೀರೊಳಗೆ ಮೀನಿನ ಈಜುರೆಕ್ಕೆಯಂಥ ಒಂದು ಪಟ್ಟಿ, ಅದಕ್ಕೆ ಫಾಯಿಲ್ ಅನ್ನುತ್ತಾರೆ. ವೇಗ ಹಿಡಿದರೆ ಅದು ಹಲಗೆಯನ್ನೇ ನೀರಿನಿಂದ ಮೇಲಕ್ಕೆ ಎತ್ತಿಬಿಡುತ್ತದೆ. ನಿಂತವನು ನೀರಿನ ಮೇಲಲ್ಲ, ನೀರಿಗಿಂತ ಒಂದು ಗೇಣು ಮೇಲೆ ಹೋಗುತ್ತಾನೆ. ವೇಗ ಕೊಡುವುದು ಕೈಯಲ್ಲಿರುವ ರೆಕ್ಕೆ. ಮೊದಲಿನ ರೆಕ್ಕೆಗಳಿಗೆ ಟ್ಯೂಬಿನ ಹಾಗೆ ಗಾಳಿ ತುಂಬಬೇಕಿತ್ತು. ಇದಕ್ಕೆ ಅದಿಲ್ಲ. ಒಂದೇ ಪದರದ ಬಟ್ಟೆ, ಹತ್ತಾರು ದಾರ, ಕೊನೆಗೆ ಒಂದು ಚಿಕ್ಕ ಹಿಡಿ. ಒಳ್ಳೆ ಅಲೆ ಸಿಕ್ಕರೆ ರೆಕ್ಕೆಯನ್ನು ಮುದುರಿ ಸೊಂಟದ ಚೀಲಕ್ಕೆ ತುರುಕಿ ಕೈಬೀಸಿಕೊಂಡು ಹೋಗಬಹುದು. ಅಲೆ ಮುಗಿದ ಮೇಲೆ ಮತ್ತೆ ತೆಗೆದು ಗಾಳಿಗೆ ಬಿಚ್ಚಬೇಕು.

ಹೋದ ವರ್ಷದವು ಗಾಳಿ ಹೋದ ಕಡೆಗೇ ಎಳೆಯುತ್ತಿದ್ದವು. ಈ ವರ್ಷ ಮುಂದಿನ ಅಂಚಿಗೆ ಸಣ್ಣ ಪ್ಲಾಸ್ಟಿಕ್ ಕಡ್ಡಿ ಇಟ್ಟು ಹೊಲಿಯುತ್ತೇವೆ, ಅಂಚು ಮಡಚುವುದಿಲ್ಲ, ಗಾಳಿಗೆ ಅಡ್ಡಲಾಗಿಯೂ ಹೋಗುತ್ತದೆ. ದಾರಗಳನ್ನೂ ಕಡಿಮೆ ಮಾಡಿದ್ದೇವೆ, ಮುಂದಿನವು ಕೆಂಪು, ಹಿಂದಿನವು ನೀಲಿ. ಎಲ್ಲ ಸರಿ, ಒಂದೇ ಶನಿ. ಚೀಲದಿಂದ ತೆಗೆದಾಗ ದಾರ ಸಿಕ್ಕಾಗುತ್ತದೆ. ಆಮೇಲೆ ನಡು ಸಮುದ್ರದಲ್ಲಿ ತೇಲುತ್ತಾ ಸಿಕ್ಕು ಬಿಡಿಸುತ್ತಾ ಕೂರಬೇಕು.

ಅಕ್ಕ ಒಂದು ಗಡುವು ಕೊಟ್ಟಿದ್ದಾರೆ. ಆಗಸ್ಟ್ ಹತ್ತಕ್ಕೆ ಅವರ ಕಣ್ಣೆದುರು ನೀರಿನ ಮೇಲೆ ಹತ್ತು ಸಲ ಮುದುರಿ ಹತ್ತು ಸಲ ಬಿಚ್ಚಬೇಕು. ಹತ್ತಕ್ಕೆ ಹತ್ತು ಬಿಚ್ಚಿಕೊಂಡರೆ ರೆಕ್ಕೆಯ ಕೆಲಸ ಉಳಿಯುತ್ತದೆ, ನನಗೆ ಇಲ್ಲೇ ಮನೆ, ನೀನೂ ಪುಟ್ಟವ್ವನೂ ಬರಬಹುದು. ಇಲ್ಲದಿದ್ದರೆ ಶೆಡ್ಡು ಮತ್ತೆ ಗುಡಾರಕ್ಕೆ. ಗುಡಾರ ಹೊಲಿಯಲು ನಾನು ಬೇಕಾಗಿಲ್ಲ.

ನೀರಿಗೆ ಇಳಿಯುವವನು ಅಂತೋಣಿ. ನಾನು ದಡದಲ್ಲಿ ಸೂಜಿ ಹಿಡಿದು ಕೂತಿರುತ್ತೇನೆ.

ಹರಿದ ಹಳೆಯ ರೆಕ್ಕೆಯೊಂದನ್ನು ಪಾರ್ಸಲ್ ಮಾಡಿದ್ದೇನೆ. ಮಾವನಿಗೆ ತೋರಿಸು, ಬಟ್ಟೆ ನೋಡಿ ಖುಷಿಪಡುತ್ತಾರೆ.

ಶಂಕರ್


ಕೊಳ್ಳೇಗಾಲ
22 ಜೂನ್ 2025

ರೀ,

ಸಿಕ್ಕು! ಸಮುದ್ರದ ಪಕ್ಕ ಕೂತು ನೀವು ಸಿಕ್ಕಿಗೆ ಅಳುತ್ತಿದ್ದೀರಿ, ಇಲ್ಲಿ ನಿಮ್ಮ ಮಾವನ ಮಗ್ಗದ ಮೇಲೆ ರೇಷ್ಮೆಯ ಎಳೆ ಸಾವಿರಗಟ್ಟಲೆ ಇವೆ, ಒಂದೂ ಸಿಕ್ಕಾಗಿಲ್ಲ.

ಪಾರ್ಸಲ್ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬ. ಅಪ್ಪ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು, ನೂಲು ಎಳೆದು ನೋಡಿದರು, "ಇದು ನೇಯ್ದಿರೋನು ಮನ್ಸನಲ್ಲ ಕಣವ್ವ, ಮಿಷನ್ನು" ಅಂದರು. ನನ್ನ ಕಣ್ಣು ಮಾತ್ರ ದಾರಗಳ ಮೇಲೇ ಇತ್ತು. ಮಗ್ಗಕ್ಕೆ ಉದ್ದದ ಎಳೆಗಳ ಹಾಸು ಮಾಡುವಾಗ ಅಪ್ಪ ಏನು ಮಾಡುತ್ತಾರೆ ನೋಡಿದ್ದೀರಲ್ಲ? ಎಳೆಗಳನ್ನು ಎರಡು ಪಾಲು ಮಾಡಿ, ನಡುವೆ ಒಂದು ದಾರ ತೂರಿಸಿ ಕಟ್ಟಿಬಿಡುತ್ತಾರೆ. ಆಮೇಲೆ ಆ ಹಾಸನ್ನು ಮುದ್ದೆ ಮಾಡಿ ಬಗಲಲ್ಲಿಟ್ಟುಕೊಂಡು ಯಳಂದೂರಿಗೆ ಹೋಗಿ ಬಂದರೂ ಎರಡು ಪಾಲು ಎರಡಾಗಿಯೇ ಇರುತ್ತವೆ. ಪಾಲು ಬೆರೆಯದಿದ್ದರೆ ಸಿಕ್ಕಿಲ್ಲ.

ಇದರ ಜೊತೆ ಒಂದು ಬಟ್ಟೆಪಟ್ಟಿ ಇಟ್ಟಿದ್ದೇನೆ. ಅಂಗಿಗೆ ಗುಂಡಿ ಹಾಕಲು ಮಾಡುತ್ತಾರಲ್ಲ, ಅಂಥ ಎರಡು ಕಾಜಾ ಇವೆ. ಒಂದರೊಳಗೆ ಕೆಂಪು ದಾರ, ಇನ್ನೊಂದರೊಳಗೆ ನೀಲಿ. ರೆಕ್ಕೆ ಮುದುರುವಾಗ ಪಟ್ಟಿಯನ್ನು ಮೇಲಕ್ಕೆ, ಬಟ್ಟೆಯ ತನಕ ತಳ್ಳಿ. ಬಿಚ್ಚುವಾಗ ಗಾಳಿ ತುಂಬಿದರೆ ಪಟ್ಟಿ ತಾನೇ ಕೆಳಗೆ ಜಾರಿ ಬರುತ್ತದೆ. ಹಿಡಿಯಿಂದ ಒಂದು ಮೊಳ ನಾಲ್ಕು ಬೆರಳು ದೂರದಲ್ಲಿ ಒಂದು ಗಂಟು ಹಾಕಿ, ಪಟ್ಟಿ ಅಲ್ಲಿಗೆ ಬಂದು ನಿಲ್ಲಲಿ. ಹರಿದ ರೆಕ್ಕೆಯ ಮೇಲೆ ಅಳೆದೇ ಬರೆದಿದ್ದೇನೆ.

ಪಟ್ಟಿ ಹೊಲಿದದ್ದು ಅಪ್ಪ. ನಾನು ಹಾಸಿಗೆ ಬಿಟ್ಟು ಎದ್ದಿಲ್ಲ, ಅವ್ವನಾಣೆ.

ಪುಟ್ಟವ್ವ ನಿನ್ನೆ ನಕ್ಕಳು. ಗೋಡೆ ನೋಡಿ ನಕ್ಕಳು, ಆದರೂ ನಕ್ಕಳು. ಅಂತೋಣಿಗೆ ಈಜು ಚೆನ್ನಾಗಿ ಬರುತ್ತದೆ ತಾನೇ? ಅವನಿಗೆ ಹೆಂಡತಿ ಇದ್ದಾಳಾ?

ಪವಿತ್ರ


2 ಜುಲೈ 2025

ಪವಿ,

ಪಟ್ಟಿ ಹಾಕಿ ನೋಡಿದೆವು. ಸಿಕ್ಕಾಗಲಿಲ್ಲ. ಆದರೆ ರೆಕ್ಕೆ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಕತ್ತು ಹಿಸುಕಿದ ಹಾಗೆ ಅರ್ಧ ತೆರೆದು ಒಂದೇ ಸಲ ಬಡಿಯಿತು. ಅಂತೋಣಿ ಬಿದ್ದ. ಏನೂ ಆಗಿಲ್ಲ.

ಬೇರೆ ದಾರಿ ಹುಡುಕುತ್ತೇವೆ. ನೀನು ಮಗು ನೋಡಿಕೊ.

ಶಂಕರ್


ಕೊಳ್ಳೇಗಾಲ
8 ಜುಲೈ 2025

ರೀ,

ನಿಮ್ಮ ನಾಲ್ಕು ಸಾಲಿನ ಕಾಗದ ಓದಿ ಎರಡು ದಿನ ಅತ್ತೆ. "ನೀನು ಮಗು ನೋಡಿಕೊ." ಬಿ.ಎಸ್ಸಿ. ಓದಿದವಳು ನಾನು, ಮಗು ನೋಡಿಕೊಳ್ಳಲೂ ಬರುತ್ತದೆ, ದಾರ ನೋಡಿಕೊಳ್ಳಲೂ ಬರುತ್ತದೆ ಅಂತ ಜಗಳದ ಕಾಗದ ಬರೆದು, ಹರಿದು, ಮತ್ತೆ ಬರೆದು, ಮತ್ತೆ ಹರಿದೆ. ನನ್ನ ಮಾತು ಕೇಳಿ ಕೆಟ್ಟೆವು ಅಂತ ನಿಮಗೆ ಕೋಪ ಬಂದಿದೆ ಅಂದುಕೊಂಡಿದ್ದೆ.

ನಾನು ಸಪ್ಪಗಿರುವುದು ನೋಡಿ ಅಪ್ಪ ಮಗ್ಗದ ಗುಂಡಿಯಿಂದಲೇ ಕೇಳಿದರು. "ಅಳತೆ ಏನಂತ ಬರ್ದೆ?"

"ಒಂದು ಮೊಳ ನಾಲ್ಕು ಬೆರಳು."

"ಯಾರ ಮೊಳ?"

ನಾನು ನನ್ನ ಕೈಯನ್ನೇ ನೋಡಿಕೊಂಡೆ. ಅಪ್ಪ ಲಾಳಿ ಕೆಳಗಿಟ್ಟು ನಗುವುದಕ್ಕೆ ಶುರು ಮಾಡಿದರು. "ಅಯ್ಯೋ ನನ್ನವ್ವ! ನಿನ್ನ ಗಂಡನ ಕೈ ನೋಡಿದ್ದೀಯಾ? ಗೋಪಿನಾಥಂ ಕಡೆಯೋರು, ಹುಟ್ಟಾ ಹರಿಗೋಲು ಹುಟ್ಟು ಹಾಕ್ದೋರು. ಅವ್ನು ನಿಂತ್ಕಂಡ್ರೆ ಕೈ ಮಂಡಿಗೆ ಬತ್ತದೆ. ಅವ್ನ ಮೊಳಾನೂ ನಿನ್ ಮೊಳಾನೂ ಒಂದೇನಾ?"

ಶಿವಮ್ಮತ್ತೆ ಬಾಗಿಲಲ್ಲೇ ನಿಂತಿದ್ದಳು. "ಅಳಿಮಯ್ಯ ಸೀರೆ ಅಳ್ದ್ರೆ ಲಾಭ ಕಣಪ್ಪ ನಮ್ಗೆ," ಅಂದಳು.

ಈ ಮನೆಯಲ್ಲಿ ಹುಟ್ಟಿದಾಗಿನಿಂದ ಎಲ್ಲ ಅಳತೆಯೂ ಮೊಳದಲ್ಲೇ. ಸ್ಕೇಲ್ ತೆಗೆದು ಸೆಂಟಿಮೀಟರ್ ಬರೆಯಬೇಕು ಅಂತ ಕಾಲೇಜು ಓದಿದ ತಲೆಗೆ ಹೊಳೆಯಲೇ ಇಲ್ಲ. ನಿಮ್ಮ ಮೊಳದಲ್ಲಿ ಹಾಕಿದ್ದಕ್ಕೆ ಗಂಟು ಮೇಲಾಯಿತು, ಪಟ್ಟಿ ಮೇಲೇ ನಿಂತಿತು, ದಾರಗಳು ಅಗಲಲಿಲ್ಲ, ಕತ್ತು ಹಿಸುಕಿತು. ನನ್ನ ಮೊಳಕ್ಕೆ ನಾಲ್ಕು ಬೆರಳು ಸೇರಿಸಿ ಒಂದು ಬಿದಿರು ಕಡ್ಡಿ ಕತ್ತರಿಸಿ ಇದರ ಜೊತೆ ಕಳಿಸಿದ್ದೇನೆ. ಇನ್ನು ಕೈಯಲ್ಲಿ ಅಳೆದರೆ ನೋಡಿ.

ಇನ್ನೊಂದು ಮಾತು. ಬಿದ್ದವನು ಅಂತೋಣಿ. ಹಾಗಾದರೆ ನಿಮ್ಮ ಅಕ್ಷರ ಯಾಕೆ ಬಲಕ್ಕೆ ವಾಲಿ ಬಿದ್ದಿದೆ? ಎಡಗೈಯವರು ನೀವು, ನಿಮ್ಮ ಅಕ್ಷರ ನನಗೆ ಗೊತ್ತು. ಈ ಕಾಗದ ಬಲಗೈಯಲ್ಲಿ ಬರೆದದ್ದು.

ಎಡಗೈಗೆ ಏನಾಗಿದೆ? ನಿಜ ಬರೆಯಿರಿ. ಸುಳ್ಳು ಬರೆದರೆ ನಾನೇ ಸ್ಪೀಕರ್ ಹಾಕಿ, ಶಿವಮ್ಮತ್ತೆ ಕೈಗೆ ಫೋನ್ ಕೊಟ್ಟು ಕೇಳಿಸುತ್ತೇನೆ.

ಪವಿತ್ರ


15 ಜುಲೈ 2025

ಪವಿ,

ಶಿವಮ್ಮತ್ತೆ ಬೇಡ. ಒಪ್ಪಿಕೊಂಡೆ.

ಅಂತೋಣಿ ಅನ್ನುವವನು ಇದ್ದಾನೆ, ನಮ್ಮ ದೋಣಿ ನಡೆಸುತ್ತಾನೆ, ಅರವತ್ತು ವರ್ಷ. ಹಲಗೆ ಹತ್ತುವವನು ನಾನು. ಮಣಿಕಟ್ಟು ಉಳುಕಿತ್ತು, ಈಗ ವಾಸಿ, ಇದು ಎಡಗೈಯಲ್ಲೇ ಬರೆಯುತ್ತಿದ್ದೇನೆ. ಕೋಪ ಇರಲಿಲ್ಲ. ಬಲಗೈಯಲ್ಲಿ ನಾಲ್ಕು ಸಾಲು ಬರೆಯುವುದಕ್ಕೆ ಒಂದು ಗಂಟೆ ಹಿಡಿಯಿತು, ಅಷ್ಟೇ.

ನೀನು ಹೆದರುತ್ತೀಯ ಅಂತ ಮುಚ್ಚಿಟ್ಟೆ. ಅದು ಅರ್ಧ ನಿಜ. ಇನ್ನರ್ಧ, ನೀನು "ಬೇಡ" ಅಂದರೆ ಬಿಡಬೇಕಾಗುತ್ತದೆ ಅಂತ. ಬಿಡುವುದಕ್ಕೆ ಮನಸ್ಸಿಲ್ಲ ಪವಿ. ಲೈಫ್ ಜಾಕೆಟ್ ಇರುತ್ತದೆ, ಹೆಲ್ಮೆಟ್ ಇರುತ್ತದೆ, ಅಂತೋಣಿಯ ದೋಣಿ ಪಕ್ಕದಲ್ಲೇ ಇರುತ್ತದೆ. ಮೊದಲು ಹಲಗೆ ನೀರನ್ನು ಬಡಿಯುತ್ತಾ ಹೋಗುತ್ತದೆ, ಪಟಪಟ ಸದ್ದು. ಆಮೇಲೆ ಒಂದು ಗಳಿಗೆಯಲ್ಲಿ ಫಾಯಿಲ್ ಎತ್ತುತ್ತದೆ, ಸದ್ದೆಲ್ಲ ನಿಂತುಬಿಡುತ್ತದೆ. ಗೋಪಿನಾಥಂನಲ್ಲಿ ಅವ್ವನ ಜೊತೆ ಬಲೆ ಬಿಡಲು ಹೋದಾಗ ಹರಿಗೋಲು ಹೊಳೆಯ ನಡುವೆ ಒಂದು ಕಡೆ ತಿರುಗುವುದು ನಿಲ್ಲಿಸುತ್ತಿತ್ತು. ಆ ನಿಶ್ಶಬ್ದ ಇಲ್ಲಿ ಮತ್ತೆ ಸಿಕ್ಕಿದೆ.

ಈಗ ನಿನ್ನ ಸರದಿ. ಪಟ್ಟಿ ಹೊಲಿದದ್ದು ಮಾವ ಅಂತ ಬರೆದೆ. ಮಾವ ಜನ್ಮದಲ್ಲಿ ಕಾಜಾ ಹೊಲಿದವರಲ್ಲ. "ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ" ಅಂತಲೂ ಬರೆದೆ. ನಿನ್ನ ಒಂದೊಂದು ಕಾಗದದಲ್ಲೂ ಮೂರು ನಾಲ್ಕು ಕಡೆ ಅಕ್ಷರ ಸಾಲು ಬಿಟ್ಟು ಕೆಳಗೆ ಜಾರಿ, ಗೆರೆಯಾಗಿ, ಮತ್ತೆ ಗಡಬಡಿಸಿ ಮೇಲೆ ಬಂದಿದೆ. ಪೆನ್ನು ಹಿಡಿದೇ ತೂಕಡಿಸಿದ ಗೆರೆ ಅದು. ನಿಜ ಬರೆ.

ಕಡ್ಡಿ ಬಂತು. ಅಕ್ಕ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದುದಾನ್ ಸ್ಕೇಲು," ಅಂದರು, ಇದೇ ನಿಜವಾದ ಸ್ಕೇಲು ಅಂತ. ಅದರ ಅಳತೆಗೆ ಗಂಟು ಹಾಕಿದೆವು. ಮೊದಲ ಮೂರು ಸಲ ಪೂರ್ತಿ ಬಿಚ್ಚಿಕೊಂಡಿತು! ನಾಲ್ಕನೆಯ ಸಲ ಪಟ್ಟಿ ಮೇಲೇ ಕಚ್ಚಿಕೊಂಡಿತು. ಯಾಕೆ ಅಂತ ತಿಳಿಯಲಿಲ್ಲ.

ಶಂಕರ್


ಕೊಳ್ಳೇಗಾಲ
27 ಜುಲೈ 2025, ಭಾನುವಾರ

ರೀ,

ನಿಜ ಬರೆಯುತ್ತೇನೆ. ನಿದ್ದೆ ಇಲ್ಲ. ಪುಟ್ಟವ್ವ ಮಲಗಿದರೂ ನಾನು ಮಲಗುವುದಿಲ್ಲ. ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ಇದೆ ಅಂತ ಗೊತ್ತಾದ ಮೇಲೆ ಇನ್ನೊಮ್ಮೆ ನೋಡುತ್ತೇನೆ. ನೀವು ನೀರಿನ ಮೇಲೆ ಅಂತ ತಿಳಿದ ಮೇಲೆ ನಿಮ್ಮ ಮೂಗಿನ ಕೆಳಗೂ ಬೆರಳಿಡಬೇಕು ಅನ್ನಿಸಿತು, ಅಷ್ಟುದ್ದ ಕೈ ನನಗಿಲ್ಲ. ನಿಮ್ಮ ಮೇಲೆ ಸಿಟ್ಟೂ ಬಂತು. ಆದರೆ ಸದ್ದು ನಿಲ್ಲುತ್ತದೆ ಅಂತ ಬರೆದಿರಲ್ಲ, ಅದನ್ನು ನಾಲ್ಕು ಸಲ ಓದಿದೆ. ಸದ್ದು ನಿಲ್ಲುವ ಜಾಗ ನನಗೂ ಬೇಕು.

ಕಾಜಾ ಹೊಲಿದದ್ದು ನಾನೇ. ಸೂಜಿ ಹಿಡಿದಾಗ ಮಾತ್ರ ತಲೆ ತಿಳಿಯಾಗುತ್ತಿತ್ತು.

ಈಗ ಇವತ್ತಿನ ಕಥೆ ಕೇಳಿ. ಅಪ್ಪ ಹರಿದ ರೆಕ್ಕೆಗೆ ತೇಪೆ ಹಾಕಿಕೊಟ್ಟರು. ನಾನು ಇನ್ನೊಂದು ಪಟ್ಟಿ ಹೊಲಿದು ದಾರಕ್ಕೆ ತೂರಿಸಿದೆ. ಆಷಾಢ ಮುಗಿದಿದ್ದರೂ ಬೆಳಗ್ಗೆ ಒಳ್ಳೆ ಗಾಳಿ. ಅವ್ವ ಪುಟ್ಟವ್ವನಿಗೆ ಎಣ್ಣೆ ಹಚ್ಚುತ್ತಿರುವಾಗ ಮೆಲ್ಲಗೆ ತಾರಸಿ ಹತ್ತಿದೆ. ಹಿಡಿ ಹಿಡಿದು ರೆಕ್ಕೆಯನ್ನು ಎಸೆದೆ.

ಅಮ್ಮಾ! ಅದು ಭಪ್ ಅಂತ ತುಂಬಿಕೊಂಡು ನನ್ನನ್ನು ನಾಲ್ಕು ಹೆಜ್ಜೆ ಎಳೆದುಕೊಂಡು ಹೋಯಿತು. ಒಣಗಲು ಹಾಕಿದ್ದ ಸಂಡಿಗೆ ತುಳಿದೆ. ಕೆಳಗೆ ಬೀದಿಯಲ್ಲಿ ಶಿವಮ್ಮತ್ತೆ ಬಿಂದಿಗೆ ಇಟ್ಟುಬಿಟ್ಟಳು.

"ರತ್ನಾ! ಏ ರತ್ನಾ! ನಿನ್ ಮಗ್ಳು ಆರೋಯ್ತಾವ್ಳೆ ಬಾರೇ!"

ಅವ್ವ ಎಣ್ಣೆಗೈಯಲ್ಲೇ ಮಗು ಎತ್ತಿಕೊಂಡು ಓಡಿ ಬಂದಳು. ಬೈಯಬೇಕು ಅಂತಲೇ ಬಂದವಳು. ರೆಕ್ಕೆ ನೋಡಿ ನಿಂತುಬಿಟ್ಟಳು. ಕಿತ್ತಳೆ ಬಣ್ಣ ಬಿಸಿಲಿಗೆ ಪುಟ್ಟವ್ವನ ಮುಖದ ಮೇಲೆಲ್ಲ ಬಿದ್ದಿತ್ತು. ಮಗು ಬಾಯಿ ತೆರೆದು ನೋಡುತ್ತಿತ್ತು. ಅಲ್ಲಿಂದ ಮುಂದೆ ನಮ್ಮ ತಾರಸಿ ನಿಮ್ಮ ಸಮುದ್ರ. ನಾನು ಮುದುರುವುದು, ಸೊಂಟಕ್ಕೆ ಸಿಕ್ಕಿಸುವುದು, ಬಿಚ್ಚುವುದು. ಶಿವಮ್ಮತ್ತೆ ಮೇಲೆ ಬಂದು ದೊಡ್ಡ ದನಿಯಲ್ಲಿ ಎಣಿಸುವುದು. ಹತ್ತಕ್ಕೆ ಹತ್ತು!

"ಮತ್ಯಾಕೆ ಅಲ್ಲಿ ಕಚ್ಕತದಂತೆ?" ಅಂದಳು ಅವ್ವ.

"ಗೊತ್ತಿಲ್ಲ ಕಣವ್ವ."

"ಅಲ್ಲಿ ಸಮುದ್ರ ಒಣಗಿರ್ತದಾ?"

ಅವಳು ಒಳಗೆ ಹೋಗಿ ಒಂದು ಬಕೆಟ್ ನೀರು ತಂದು, ರೆಕ್ಕೆ, ದಾರ, ಪಟ್ಟಿ, ನಾನು, ಎಲ್ಲದರ ಮೇಲೂ ಸುರಿದಳು. ಆಮೇಲೆ ಮೂರನೇ ಸಲಕ್ಕೇ ಪಟ್ಟಿ ಕಚ್ಚಿಕೊಂಡಿತು. ಅವ್ವ ಪಟ್ಟಿಯನ್ನು ಬೆರಳಲ್ಲಿ ಹಿಚುಕಿ ನೋಡಿ, "ಅತ್ತಿ ಬಟ್ಟೆ ಕಣೇ, ನೆಂದ್ರೆ ಊದ್ಕತದೆ. ಲಂಗದ ಲಾಡಿ ಒದ್ದೆ ಆದ್ರೆ ಗಂಟು ಬಿಚ್ಚಕ್ಕಾಯ್ತದಾ? ಆ ರೆಕ್ಕೆ ಬಟ್ಟೇಲೇ ಒಲಿ," ಅಂದಳು.

ಡಿಗ್ರಿ ನನ್ನದು, ತಲೆ ಅವಳದು.

ರೆಕ್ಕೆಯ ಅಂಚಿನಿಂದಲೇ ಕತ್ತರಿಸಿ ಹೊಲಿದೆ. ಬಕೆಟ್ ಮೇಲೆ ಬಕೆಟ್ ಸುರಿದು ನೋಡಿದೆವು, ಪ್ರತಿ ಸಲವೂ ಜಾರಿ ಬಂತು. ಅಂಥ ಎರಡು ಪಟ್ಟಿ ಕಳಿಸುತ್ತಿದ್ದೇನೆ. ಒಂದು ಹೆಚ್ಚಿಗೆ ಇರಲಿ.

ಒದ್ದೆ ಸೀರೆ ಬದಲಿಸಿ ಮಗು ಪಕ್ಕ ಒರಗಿದ್ದಷ್ಟೇ ಗೊತ್ತು. ಎದ್ದಾಗ ನಾಲ್ಕು ಗಂಟೆ. ಮಧ್ಯಾಹ್ನ ಪೂರ್ತಿ ಯಾರ ಉಸಿರನ್ನೂ ನೋಡಿರಲಿಲ್ಲ. ಅವ್ವ ಹಾಲು ಕಾಯಿಸಿಕೊಂಡು ಬಂದು, "ನಾಳೆನೂ ರೆಕ್ಕೆ ಆರ್ಸು, ನಾನ್ ಮಗ ನೋಡ್ಕತೀನಿ," ಅಂದಳು.

ಹತ್ತನೇ ತಾರೀಖು ಇಳಿಯಿರಿ. ಬೇಡ ಅನ್ನುವುದಿಲ್ಲ.

ಪವಿತ್ರ


11 ಆಗಸ್ಟ್ 2025

ಪವಿ,

ನಿನ್ನೆ ಫೋನಿನಲ್ಲಿ "ಆಯ್ತು" ಅಂತ ಹೇಳಿದೆ, ಶಿವಮ್ಮತ್ತೆ ಕೂಗಿದ್ದರಲ್ಲಿ ಬೇರೇನೂ ಹೇಳಲು ಆಗಲಿಲ್ಲ. ಈಗ ಕೇಳು.

ಗಾಳಿ ಬೆಳಗ್ಗೆ ಮಂಕಾಗಿತ್ತು. ಹತ್ತು ಗಂಟೆಯ ಮೇಲೆ ಎದ್ದಿತು. ಅಕ್ಕ ಅಂತೋಣಿಯ ದೋಣಿಯಲ್ಲಿ ಕೊಡೆ ಹಿಡಿದು ಕೂತು ಎಣಿಸುತ್ತಿದ್ದರು. ಒಣ್ಣು. ರೆಂಡು. ಮೂಣು. ನಾಲ್ಕನೆಯದಕ್ಕೂ ಪಟ್ಟಿ ಸರಕ್ಕನೆ ಜಾರಿ ಬಂದು ಗಂಟಿಗೆ ನಿಂತಿತು. ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಐದು, ಆರು, ಏಳು, ಎಂಟು. ಒಂಬತ್ತು ಮುಗಿಸಿ ರೆಕ್ಕೆ ಮುದುರಿ ಅಲೆಯ ಮೇಲಿದ್ದೆ. ಖುಷಿಯಲ್ಲಿ ಅಕ್ಕನ ಕಡೆ ತಿರುಗಿ ಕೈಬೀಸಿದೆ ನೋಡು, ಕಾಲು ತಪ್ಪಿ ಬಿದ್ದೆ. ರೆಕ್ಕೆ ಚೀಲದಿಂದ ಹೊರಗೆ ಬಂದು ನೀರಿನಲ್ಲಿ ಒದ್ದೆ ಕರವಸ್ತ್ರದ ಹಾಗೆ ಮುದ್ದೆಯಾಯಿತು.

ಅಲೆ ಎರಡು ಸಲ ಅದನ್ನು ಹೊರಳಿಸಿತು. ಮೊದಲಿನ ರೆಕ್ಕೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಂತೋಣಿ ಹಗ್ಗ ಎಸೆಯಲು ಎದ್ದು ನಿಂತ. ಬೇಡ ಅಂತ ಸನ್ನೆ ಮಾಡಿ, ನೀರಿನಲ್ಲೇ ಹಿಡಿ ಹುಡುಕಿ, ರೆಕ್ಕೆಯ ಅಂಚನ್ನು ಗಾಳಿಗೆ ಎತ್ತಿದೆ. ನೀರು ಸುರಿಸುತ್ತಾ ಎದ್ದಿತು. ತುಂಬಿಕೊಂಡಿತು. ಹಲಗೆಯ ಮೇಲೆ ಮಂಡಿಯೂರಿದೆ, ನಿಂತೆ, ಸದ್ದು ನಿಂತಿತು.

"ಪತ್ತು!" ಅಂತ ಅಕ್ಕ ಕೂಗಿದ್ದು ದಂಡೆಗೆ ಕೇಳಿಸಿತಂತೆ. ಅವರ ಕೊಡೆ ಹಾರಿ ಸಮುದ್ರಕ್ಕೆ ಹೋಯಿತು, ಅದಕ್ಕೆ ಯಾರೂ ಈಜಲಿಲ್ಲ.

ಇವತ್ತು ಅಕ್ಕ ನನ್ನನ್ನು ಕೂರಿಸಿ ಕೇಳಿದ್ದು ನನ್ನ ಕೆಲಸದ ಮಾತಲ್ಲ, ಅದು ಗಟ್ಟಿಯಾಯಿತು. ಕೇಳಿದ್ದು ನಿನ್ನನ್ನು. ಇನ್ನು ಮೂರು ಅಳತೆಯ ರೆಕ್ಕೆ ಬರಬೇಕು, ಒಂದೊಂದಕ್ಕೂ ದಾರ ಬೇರೆ. ದಾರದ ಮೇಜು ಪವಿತ್ರಾದು, ಮಗು ಪಕ್ಕದಲ್ಲೇ ಇರಲಿ, ಶೆಡ್ಡಿನಲ್ಲಿ ಎತ್ತಿಕೊಳ್ಳಲು ಹನ್ನೆರಡು ಕೈ ಇವೆ ಅಂದರು. ಮನೆ ಶೆಡ್ಡಿನ ಹಿಂದೆಯೇ. ಕಿಟಕಿ ತೆಗೆದರೆ ಸಮುದ್ರ.

ಅದೇ ನನ್ನ ಚಿಂತೆ. ಕಿಟಕಿಯಿಂದ ನಾನು ಬೀಳುವುದೂ ಕಾಣುತ್ತದೆ. ದಿನಕ್ಕೆ ಹತ್ತು ಸಲ ಬೀಳುತ್ತೇನೆ ಪವಿ, ಇನ್ನು ಮುಚ್ಚಿಡುವುದಿಲ್ಲ. ಬರುತ್ತೀಯಾ?

ಶಂಕರ್


ಕೊಳ್ಳೇಗಾಲ
17 ಆಗಸ್ಟ್ 2025, ಭಾನುವಾರ

ರೀ,

ಗುರುವಾರ ಹೊರಡುತ್ತೇವೆ. ನಾನು, ಪುಟ್ಟವ್ವ, ಮೊದಲ ಹದಿನೈದು ದಿನಕ್ಕೆ ಅವ್ವ. ಬಾಣಂತನ ಐದು ತಿಂಗಳು ತುಂಬದೆ ಕಳಿಸಲ್ಲ ಅಂತ ಹಟ ಹಿಡಿದಿದ್ದಳು. "ಅಂಗಾದ್ರೆ ನಾನೂ ಬತ್ತೀನಿ, ಆ ರೆಕ್ಕೆ ನೀರ್ನಲ್ಲಿ ಎಂಗೆ ಬಿಚ್ಕತದೆ ನೋಡ್ಬೇಕು," ಅಂತ ತಾನೇ ದಾರಿ ಮಾಡಿಕೊಂಡಳು. ಪಾಲಾರ್ ದಾಟಿ ಗೋಪಿನಾಥಂನಲ್ಲಿ ಎರಡು ದಿನ ನಿಮ್ಮವ್ವನ ಹತ್ತಿರ ಇದ್ದು, ಮೇಟೂರಿನ ಮೇಲೆ ಬರುತ್ತೇವೆ. ಅಪ್ಪ ದಾರದ ಮೇಜಿಗೆ ಅಂತ ತಮ್ಮ ಹಳೆಯ ಕತ್ತರಿ ಸಾಣೆ ಹಿಡಿಸಿ ಕೊಟ್ಟಿದ್ದಾರೆ. ಶಿವಮ್ಮತ್ತೆ ಎಲ್ಲರಿಗೂ ಸಂಡಿಗೆ ಕಟ್ಟಿಕೊಟ್ಟಿದ್ದಾಳೆ, ನಾನು ತುಳಿದದ್ದನ್ನು ಬಿಟ್ಟು.

ನೀವು ಕೇಳಿದ್ದಕ್ಕೆ ಉತ್ತರ ಬರೆಯುವುದಕ್ಕೆ ಮೂರು ದಿನ ಹಿಡಿಯಿತು. ಹೆದರಿಕೆ ಹೋಗಿದೆ ಅಂತ ಬರೆಯೋಣ ಅಂದುಕೊಂಡೆ. ಸುಳ್ಳು ಬರೆಯಬಾರದು ಅಂತ ಆಗಿದೆಯಲ್ಲ. ಹೋಗಿಲ್ಲ ರೀ. ಈ ಮಗು ಹುಟ್ಟಿದ ದಿನ ಅದೂ ನನ್ನ ಜೊತೆ ಹುಟ್ಟಿದೆ, ಎಲ್ಲಿಗೆ ಹೋದರೂ ಕಂಕುಳಲ್ಲೇ ಬರುತ್ತದೆ. ಆದರೆ ಕಾಣದೆ ಹೆದರುವುದಕ್ಕಿಂತ ಕಂಡು ಹೆದರುವುದು ವಾಸಿ. ಬಿದ್ದಿರಿ ಅಂತ ಆರು ದಿನದ ಮೇಲೆ ಕಾಗದದಲ್ಲಿ ಓದುವುದಕ್ಕಿಂತ, ಬಿದ್ದು ಎದ್ದಿರಿ ಅಂತ ಅಲ್ಲೇ ನೋಡುವುದು ವಾಸಿ.

ಅದಕ್ಕೇ ನಮ್ಮ ಬಸ್ಸಿಗೆ ಅಂತ ಕೆಲಸ ಬಿಟ್ಟು ಬಂದು ನಿಲ್ಲಬೇಡಿ. ಗಾಳಿ ಇದ್ದರೆ ನೀರಿನ ಮೇಲೇ ಇರಿ. ನಾವು ಸೀದಾ ದಂಡೆಗೆ ಬರುತ್ತೇವೆ. ನೀವು ಹಾರಿ, ನಾನು ಕಿರುಚುತ್ತೇನೆ. ಅವರವರ ಕೆಲಸ ಅವರವರು ಮಾಡೋಣ.

ಪವಿತ್ರ